ಹಾಸನದಲ್ಲಿ ಪ್ಯಾಪ್ ಟೆಸ್ಟ್: ಸಿಸ್ಟರ್‌ಗೆ ಪೂರ್ತಿ ಅಂಕ, ಕೌಂಟರ್‌ಗೆ ಇಲ್ಲ

ಬೇಲೂರಿನಲ್ಲಿ ನನ್ನದು ಬ್ಲೌಸ್ ಹೊಲಿಯುವ ಅಂಗಡಿ. ಬರುವ ಹೆಂಗಸರು ಮುಟ್ಟಿನ ತೊಂದರೆ, ಬಿಳಿ ಹೋಗುವುದು, ಸೊಂಟ ನೋವು ಎಲ್ಲಾ ಮಾತಾಡುತ್ತಾರೆ. ಗರ್ಭಕಂಠದ, ಅಂದರೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಪತ್ತೆಗೆ ಮಾಡುವ ಪ್ಯಾಪ್ ಟೆಸ್ಟ್ ಮಾತು ಬಂದರೆ ಮಾತ್ರ ದನಿ ಇಳಿಯುತ್ತದೆ. "ಒಳಗೆ ಏನ್ ಮಾಡ್ತಾರಂತೆ?" ಅಂತ ಕೇಳುತ್ತಾರೆ. ಹಾಸನದ ಒಂದು ಖಾಸಗಿ ಹೆರಿಗೆ ಆಸ್ಪತ್ರೆಯಲ್ಲಿ ನಾನು ಮಾಡಿಸಿಕೊಂಡು ಬಂದೆ. ಅವರಿಗೆಲ್ಲ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ.

ಮೊದಲು ಫೋನ್ ಮಾಡಿ ಹೋಗಿ. ಆ ತಿಂಗಳ ಮುಟ್ಟು ಮುಗಿದ ಮೇಲೆ ಬರಲು ಹೇಳುತ್ತಾರೆ. ಹಿಂದಿನ ಎರಡು ದಿನ ಗಂಡ ಹೆಂಡತಿ ಸೇರಬಾರದು, ಒಳಗೆ ಇಡುವ ಮಾತ್ರೆ, ಕ್ರೀಮು ಬಳಸಬಾರದು, ಒಳಗೆ ನೀರು ಹಾಕಿ ತೊಳೆಯಬಾರದು. ಸೀರೆ ಉಟ್ಟರೆ ಸುಲಭ. ಚೂಡಿದಾರ್ ಆದರೆ ಪ್ಯಾಂಟ್ ಪೂರ್ತಿ ಬಿಚ್ಚಬೇಕು.

ಕೌಂಟರ್ ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಚೀಟಿ ಬರೆಯುವ ಹುಡುಗ ಹಿಂದೆ ನಿಂತವರಿಗೆಲ್ಲ ಕೇಳುವ ಹಾಗೆ "ಪ್ಯಾಪ್ ಸ್ಮಿಯರಾ? ಏನ್ ತೊಂದರೆ ನಿಮಗೆ?" ಅಂದ. ತೊಂದರೆ ಏನೂ ಇಲ್ಲದಾಗಲೇ ಮಾಡಿಸುವ ಟೆಸ್ಟ್ ಇದು, ಅಲ್ವಾ? ಮುಂದಿನ ಸಲ ಚೀಟಿಯಲ್ಲಿ ಬರೆದು ಕೊಡುತ್ತೇನೆ. ಒಳಗೆ ಬಟ್ಟೆ ಬದಲಿಸುವ ಜಾಗದ ಪರದೆ ಒಂದು ಗೇಣು ಕಮ್ಮಿ. ಎಷ್ಟು ಎಳೆದರೂ ಒಂದು ಕಡೆ ಸಂದಿ ಉಳಿಯುತ್ತದೆ. ಅರ್ಧ ಮೀಟರ್ ಬಟ್ಟೆ ಸೇರಿಸಿದ್ದರೆ ಸಾಕಿತ್ತು. ಇಂಥ ಕಡೆ ಹೆಂಗಸರಿಗೆ ಮರೆ ಬಹಳ ಮುಖ್ಯ.

ಆದರೆ ಸಿಸ್ಟರ್ ಬಂಗಾರದಂಥ ಹೆಣ್ಣುಮಗಳು. ಮಲಗುವ ಮೊದಲೇ, ಒಳಗೆ ಹಾಕಿ ದಾರಿ ಅಗಲಿಸುವ ಪ್ಲಾಸ್ಟಿಕ್ ಸ್ಪೆಕ್ಯುಲಮ್ ಕೈಗೆ ಕೊಟ್ಟು ತೋರಿಸಿದರು. ಬಾತುಕೋಳಿ ಕೊಕ್ಕಿನ ಹಾಗೆ ಬಾಯಿ ತೆರೆಯುತ್ತದೆ, ಅಷ್ಟೇ. "ಅಕ್ಕ, ಈಗ ತಣ್ಣಗೆ ತಾಗುತ್ತೆ. ಸೊಂಟ ಎತ್ತಬೇಡಿ, ಉಸಿರು ನಿಧಾನಕ್ಕೆ ಬಿಡಿ. ನೋವಾದರೆ ಹೇಳಿ, ನಿಲ್ಲಿಸ್ತೀವಿ" ಅಂತ ಒಂದೊಂದನ್ನೂ ಮುಂಚೆಯೇ ಹೇಳುತ್ತಿದ್ದರು. ಲೇಡಿ ಡಾಕ್ಟರ್ ಒಂದು ಪುಟ್ಟ ಬ್ರಷ್ ಹಾಕಿ ಗರ್ಭಕೋಶದ ಬಾಯಿಯ ಹತ್ತಿರ ತಿರುಗಿಸಿದರು. ಒಳಗೆ ಒತ್ತಿದ ಹಾಗೆ, ಆಮೇಲೆ ಚೂರು ಚಿವುಟಿದ ಹಾಗೆ ಅನ್ನಿಸಿತು. ಕೆಲವೇ ನಿಮಿಷದ ಕೆಲಸ.

ಗಾಜಿನ ಸ್ಲೈಡ್ ಮೇಲೆ ಸಿಸ್ಟರ್ ನನ್ನ ಹೆಸರನ್ನು ಪೆನ್ಸಿಲ್‌ನಲ್ಲಿ ಬರೆದಿದ್ದರು. ಯಾಕೆ ಅಂತ ಕೇಳಿದೆ. ಸ್ಲೈಡನ್ನು ಸ್ಪಿರಿಟ್‌ನಲ್ಲಿ ಮುಳುಗಿಸುತ್ತಾರೆ, ಪೆನ್ನಿನ ಶಾಯಿ ಅಳಿಸಿ ಹೋಗುತ್ತದೆ, ಪೆನ್ಸಿಲ್ ಉಳಿಯುತ್ತದೆ. ಬ್ರಷ್ಷನ್ನು ಸ್ಲೈಡ್ ಮೇಲೆ ಸವರಿದ ತಕ್ಷಣ ಸ್ಲೈಡನ್ನು ಸ್ಪಿರಿಟ್ ಬಾಟಲಿಗೆ ಹಾಕಿಬಿಟ್ಟರು. ಜೀವಕೋಶ ಒಣಗಿದರೆ ಲ್ಯಾಬ್‌ನಲ್ಲಿ ಸರಿಯಾಗಿ ಕಾಣುವುದಿಲ್ಲವಂತೆ. ಇಷ್ಟು ಜೋಪಾನ ನೋಡಿ ನನಗೆ ಆ ಜಾಗದ ಮೇಲೆ ನಂಬಿಕೆ ಬಂತು.

ಆಮೇಲೆ ಒಂದೆರಡು ಹನಿ ರಕ್ತ ಕಾಣಿಸಬಹುದು, ಒಂದು ಪ್ಯಾಡ್ ಇಟ್ಟುಕೊಂಡು ಹೋಗಿ. ಬಸ್ಸಿನಲ್ಲಿ ಆರಾಮಾಗಿ ಕೂತು ಬಂದೆ. ಡಾಕ್ಟರ್ ಫೀಸು, ಲ್ಯಾಬ್ ಖರ್ಚು ಬೇರೆ ಬೇರೆ. ಎರಡನ್ನೂ ಫೋನ್‌ನಲ್ಲೇ ಕೇಳಿಕೊಳ್ಳಿ.

ರಿಪೋರ್ಟ್ ಮುಂದಿನ ವಾರ ಬಂತು, ಎಲ್ಲಾ ಸರಿ ಇದೆ. ವ್ಯತ್ಯಾಸ ಇದೆ ಅಂತ ಬಂದರೂ ಅದು ಕ್ಯಾನ್ಸರ್ ಅಂತ ಅಲ್ಲ ಎಂದು ಡಾಕ್ಟರ್ ಬಿಡಿಸಿ ಹೇಳಿದರು. ಆಗ ಬೇಕೆನಿಸಿದರೆ ಗರ್ಭಕೋಶದ ಬಾಯಿಯನ್ನು ಕಾಲ್ಪೊಸ್ಕೋಪ್ ಅನ್ನುವ ಮಸೂರದಲ್ಲಿ ದೊಡ್ಡದು ಮಾಡಿ ನೋಡುತ್ತಾರೆ. ಈ ಕಾಯಿಲೆಗೆ ಹೆಚ್ಚಾಗಿ ಎಚ್‌ಪಿವಿ ವೈರಸ್ ಕಾರಣ. ಬಹಳಷ್ಟು ಹೆಂಗಸರಲ್ಲಿ ಅದು ತಾನಾಗೇ ಹೋಗುತ್ತದೆ. ಉಳಿದುಕೊಂಡರೆ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15-20 ವರ್ಷ ಹಿಡಿಯುತ್ತದೆ. ಅಷ್ಟರೊಳಗೆ ಹಿಡಿದರೆ ಸಣ್ಣ ಚಿಕಿತ್ಸೆಯಲ್ಲೇ ಮುಗಿಯುತ್ತದೆ. ನನಗೆ 3 ವರ್ಷ ಬಿಟ್ಟು ಮತ್ತೆ ಬರಲು ಹೇಳಿದ್ದಾರೆ. ವಯಸ್ಸಾಗಿ ಮುಟ್ಟು ಪೂರ್ತಿ ನಿಂತುಹೋದ ಮೇಲೆ ರಕ್ತ ಕಂಡರೆ, ಅಥವಾ ಸೇರಿದ ಮೇಲೆ ರಕ್ತ ಬಂದರೆ ಟೆಸ್ಟಿನ ದಿನಕ್ಕೆ ಕಾಯಬೇಡಿ, ಕೂಡಲೇ ಡಾಕ್ಟರ್‌ಗೆ ತೋರಿಸಿ.

ನನ್ನ ಓರಗಿತ್ತಿಯನ್ನೂ ಅಲ್ಲಿಗೇ ಕಳಿಸುತ್ತೇನೆ. ಖರ್ಚು ಕಷ್ಟ ಅನ್ನುವವರಿಗೆ ಸರ್ಕಾರದ ಕಾರ್ಯಕ್ರಮ ಇದೆ. 30ರಿಂದ 65 ವಯಸ್ಸಿನ ಹೆಂಗಸರಿಗೆ 5 ವರ್ಷಕ್ಕೊಮ್ಮೆ ವಿಐಎ ಅನ್ನುವ ಪರೀಕ್ಷೆ. ಗರ್ಭಕೋಶದ ಬಾಯಿಗೆ ತೆಳು ಅಸಿಟಿಕ್ ಆಮ್ಲ ಹಚ್ಚಿ, ಒಂದು ನಿಮಿಷ ಬಿಟ್ಟು ಬಿಳಿ ಮಚ್ಚೆ ಏಳುತ್ತದಾ ಅಂತ ನೋಡುತ್ತಾರೆ. ಲ್ಯಾಬ್‌ಗೆ ಕಾಯಬೇಕಿಲ್ಲ, ಅಲ್ಲೇ ಗೊತ್ತಾಗುತ್ತದೆ. ಯಾವ ದಿನ, ಎಲ್ಲಿ ಅಂತ ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ.