ಎಸ್ಸೆಸ್ಸೆಲ್ಸಿ ಮಕ್ಕಳ ನೆನಪಿನ ಸಂಚಿಕೆ: ಹಾಸನದ ಪ್ರೆಸ್‌ಗಳಿಗೆ ಕೊಡಬಹುದೇ?

ಧೈರ್ಯವಾಗಿ ಕೊಡಬಹುದು. ಕಾಗದ, ಮುದ್ರಣ, ಪಿನ್ ಹೊಡೆಯುವುದು, ಕಟಿಂಗ್, ಇಷ್ಟರಲ್ಲಿ ಹಾಸನದ ಡಿಜಿಟಲ್ ಪ್ರೆಸ್‌ಗಳ ಕೆಲಸ ಅಚ್ಚುಕಟ್ಟು. ಇದಕ್ಕಾಗಿ ಬೆಂಗಳೂರಿಗೆ ಫೈಲು ಕಳಿಸಬೇಕಾಗಿಲ್ಲ. ಕೆಡುವುದು ಎರಡೇ ಕಡೆ: ಕನ್ನಡ ಅಕ್ಷರ ಮತ್ತು ಗ್ರೂಪ್ ಫೋಟೊ. ಇವೆರಡನ್ನೂ ಶಾಲೆಯವರು ಮೊದಲೇ ಸರಿಮಾಡಿಕೊಂಡು ಹೋದರೆ ಎಂಟರಿಂದ ಹತ್ತನೇ ತರಗತಿಯವರೆಗಿನ ಮೂರು ವರ್ಷ ಮಕ್ಕಳ ಕೈಯಲ್ಲಿ ಗಟ್ಟಿಯಾಗಿ ಉಳಿಯುತ್ತದೆ.

ಪೇಟೆಯಲ್ಲಿ ಮೂರು ದಾರಿಗಳಿವೆ. ಸ್ಟುಡಿಯೋದವರು ಮದುವೆಗೆ ಮಾಡಿಕೊಡುವಂಥ ಕರಿಷ್ಮಾ ಆಲ್ಬಮ್‌ನಲ್ಲಿ ಫೋಟೊ ಬಹಳ ಚೆನ್ನಾಗಿ ಬರುತ್ತದೆ, ಆದರೆ ಮಕ್ಕಳ ಬರಹಕ್ಕೆ ಜಾಗವಿಲ್ಲ, ಒಂದೊಂದು ಪ್ರತಿಗೂ ದುಬಾರಿ. ಶಾಲೆಯ ಆಫೀಸಿಗೆ ಒಂದು ಮಾಡಿಸಿಟ್ಟರೆ ಸಾಕು. ಆಫ್‌ಸೆಟ್‌ನಲ್ಲಿ ಬಣ್ಣದ ಪುಟಗಳಿಗೆ ನಾಲ್ಕು ನಾಲ್ಕು ಪ್ಲೇಟ್ (ಅಚ್ಚಿನ ತಗಡು) ಹಾಕಿಸಬೇಕು. ಆ ಖರ್ಚು ನೂರಾರು ಪ್ರತಿಗಳ ಮೇಲೆ ಹಂಚಿದರೆ ಮಾತ್ರ ಗಿಟ್ಟುತ್ತದೆ. ಒಂದು ಬ್ಯಾಚಿಗೆ ಬೇಕಾಗುವ ಎಂಬತ್ತು ತೊಂಬತ್ತು ಪ್ರತಿಗೆ ಡಿಜಿಟಲ್ ಪ್ರಿಂಟೇ ಸರಿ.

ಅಳತೆ ಎ5 (ಎ4 ಹಾಳೆಯ ಅರ್ಧ), ಒಳಪುಟ 48, ಮೇಲೆ ರಕ್ಷಾಪುಟ. ಪಿನ್ ಹೊಡೆಯುವ ಪುಸ್ತಕದಲ್ಲಿ ಪುಟಗಳ ಸಂಖ್ಯೆ ನಾಲ್ಕರಿಂದ ಭಾಗವಾಗಲೇಬೇಕು. ಅರವತ್ತು ಮಕ್ಕಳಿದ್ದರೆ ಪುಟಕ್ಕೆ ಇಬ್ಬರಂತೆ 30 ಪುಟ; ಉಳಿದ 18ರಲ್ಲಿ ಗ್ರೂಪ್ ಫೋಟೊ, ಮೇಷ್ಟ್ರು-ಮೇಡಂಗಳ ಮಾತು, ಪ್ರವಾಸ, ಪ್ರತಿಭಾ ಕಾರಂಜಿ, ಆಟೋಗ್ರಾಫ್ ಪುಟಗಳು ಹಿಡಿಸುತ್ತವೆ. ಒಳಗೆ 100 ಜಿಎಸ್ಎಂ (ಚದರ ಮೀಟರಿಗೆ 100 ಗ್ರಾಂ ತೂಗುವ) ನುಣುಪು ಕಾಗದ, ರಕ್ಷಾಪುಟಕ್ಕೆ 250ರಿಂದ 300 ಜಿಎಸ್ಎಂ ಕಾರ್ಡು, ಅದಕ್ಕೆ ಮ್ಯಾಟ್ ಲ್ಯಾಮಿನೇಷನ್. 'ಒಳಗೂ 170 ಆರ್ಟ್ ಪೇಪರ್ ಹಾಕೋಣ ಸಾರ್, ರಿಚ್ ಆಗಿರುತ್ತೆ' ಎಂಬ ಸಲಹೆ ಬಂದರೆ ಬೇಡವೆನ್ನಿ. ಅಷ್ಟು ದಪ್ಪ ಕಾಗದವನ್ನು 48 ಪುಟಕ್ಕೆ ಮಡಿಸಿ ಪಿನ್ ಹೊಡೆದರೆ ಪುಸ್ತಕ ಬಾಯಿಬಿಟ್ಟುಕೊಂಡೇ ಇರುತ್ತದೆ. ಒಳಗಿನ ಹಾಳೆಗಳು ಹೊರಕ್ಕೆ ತಳ್ಳಿಕೊಂಡು ಬಂದು, ಕಟಿಂಗ್‌ನಲ್ಲಿ ಅಂಚಿನ ಪುಟಸಂಖ್ಯೆಯೂ ಕತ್ತರಿಸಿಹೋಗುತ್ತದೆ. ತೆಳು ಕಾಗದವಾದರೂ ಬರಹವನ್ನು ಅಂಚಿನಿಂದ 10 ಮಿ.ಮೀ. ಒಳಗೇ ಇಡಿ, ಪುಟದ ತುದಿಯವರೆಗೆ ಹೋಗುವ ಚಿತ್ರಗಳನ್ನು 3 ಮಿ.ಮೀ. ಹೆಚ್ಚಿಗೆ ಚಾಚಿರಿ.

ಪಿನ್ ಬದಲು ಬೆನ್ನಿಗೆ ಅಂಟು ಹಾಕುವ ಗಮ್ ಬೈಂಡಿಂಗ್ ನೋಡಲು ಪುಸ್ತಕದಂತೆಯೇ ಇರುತ್ತದೆ, ನಿಜ. ಆದರೆ ನುಣುಪಾದ ಆರ್ಟ್ ಪೇಪರ್‌ಗೆ ಬಿಸಿ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಮಕ್ಕಳು ಪುಸ್ತಕವನ್ನು ಅಗಲಕ್ಕೆ ಬಿಚ್ಚಿದ ಕೂಡಲೇ ಹಾಳೆ ಕೈಗೆ ಬರುತ್ತದೆ. ಎರಡು ಪುಟಕ್ಕೆ ಹರಡಿದ ಗ್ರೂಪ್ ಫೋಟೊದಲ್ಲಿ ನಡುವಿನ ಮೂರ್ನಾಲ್ಕು ಮಕ್ಕಳ ಮುಖ ಬೆನ್ನಿನ ಸಂದಿಗೆ ಹೋಗಿಬಿಡುತ್ತದೆ. ನೆನಪಿನ ಸಂಚಿಕೆಯಲ್ಲಿ ಒಂದು ಮಗುವಿನ ಮುಖ ಕಾಣದಿದ್ದರೂ ಆ ಕೆಲಸ ಕೆಟ್ಟಂತೆಯೇ. ಪಿನ್ ಪುಸ್ತಕದಲ್ಲಿ 24–25ನೇ ಪುಟಗಳು ಒಂದೇ ಅಖಂಡ ಹಾಳೆ. ಗ್ರೂಪ್ ಫೋಟೊ ಅಲ್ಲೇ ಬರಬೇಕು.

ಹಾಗೆ ಹಾಕಿದರೂ ಮಡಿಕೆ ಫೋಟೊದ ನಟ್ಟನಡುವೆ ಬೀಳುತ್ತದೆ, ಪಿನ್ನೂ ಅಲ್ಲೇ ಚುಚ್ಚುತ್ತದೆ. ನಮ್ಮಲ್ಲಿ ಹೆಡ್ ಮೇಷ್ಟ್ರನ್ನು ಕೂರಿಸುವುದೂ ನಡುವಿನ ಕುರ್ಚಿಯಲ್ಲೇ. ಆದ್ದರಿಂದ ಮುಂದಿನ ಸಾಲಿಗೆ ಕುರ್ಚಿ ಸಮಸಂಖ್ಯೆಯಲ್ಲಿ ಹಾಕಿಸಿ. ಹಿಂದಿನ ಸಾಲುಗಳಲ್ಲೂ ನಡುವೆ ಒಂದು ಗೇಣು ಜಾಗ ಬಿಡಿಸಿ. ಎಲ್ಲಕ್ಕಿಂತ ಹಿಂದಿನ ಸಾಲಿಗೆ ಡೆಸ್ಕು, ಅದರ ಮುಂದಿನದಕ್ಕೆ ಬೆಂಚು, ಆಮೇಲೆ ನೆಲದ ಮೇಲೆ ನಿಂತವರು, ಮುಂದೆ ಕುರ್ಚಿ. ಬೆಳಗಿನ ಪ್ರಾರ್ಥನೆ ಮುಗಿದ ಕೂಡಲೇ, ಕಟ್ಟಡದ ನೆರಳಲ್ಲಿ ತೆಗೆಸಿ. ಮಧ್ಯಾಹ್ನದ ಬಿಸಿಲಲ್ಲಿ ಕಣ್ಣುಗುಳಿ ಕಪ್ಪಾಗುತ್ತದೆ, ಅರ್ಧ ಮಕ್ಕಳು ಕಣ್ಣು ಕಿರಿದು ಮಾಡಿರುತ್ತಾರೆ. ಮಕ್ಕಳು ನಿಂತ ಜಾಗದಲ್ಲಿರುವಾಗಲೇ ಒಬ್ಬರು ಸಾಲುಸಾಲಾಗಿ ಎಡದಿಂದ ಬಲಕ್ಕೆ ಹೆಸರು ಬರೆದುಕೊಳ್ಳಬೇಕು. ಆಮೇಲೆ ಊಹಿಸಿ ಬರೆದರೆ ತಪ್ಪುವುದು ಖಂಡಿತ.

ಎ5ರ ಎರಡು ಪುಟ ಸೇರಿದರೆ 296 ಮಿ.ಮೀ. ಅಗಲ. ಸಾಲಿಗೆ ಹತ್ತೊಂಬತ್ತು ಜನ ನಿಂತರೆ ಒಬ್ಬರಿಗೆ ಸಿಗುವುದು 15 ಮಿ.ಮೀ., ಮುಖ ಅದರಲ್ಲಿ ಅರ್ಧ. ಅಷ್ಟು ಚಿಕ್ಕ ಮುಖ ಗುರುತು ಸಿಗಬೇಕಾದರೆ 300 ಡಿಪಿಐ (ಇಂಚಿಗೆ 300 ಚುಕ್ಕೆ) ಬೇಕು, ಎಂದರೆ ಫೋಟೊದ ಅಗಲ ಸುಮಾರು 3500 ಪಿಕ್ಸೆಲ್. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊ 1600ರ ಆಸುಪಾಸಿಗೆ ಇಳಿದಿರುತ್ತದೆ. ಮೊಬೈಲ್‌ನಲ್ಲಿ ಚೆನ್ನಾಗಿಯೇ ಕಾಣುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಅಚ್ಚಾದ ಮೇಲೆ ಮುಖಗಳೆಲ್ಲ ಮಸುಕು. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಪೆನ್‌ಡ್ರೈವ್ ಹಿಡಿದು ಹೋಗಿ. ಹಳೇಬೀಡು, ಶ್ರವಣಬೆಳಗೊಳದ ಪ್ರವಾಸದ ಫೋಟೊಗಳಿಗೂ ಇದೇ ಮಾತು. ಸಮವಸ್ತ್ರ ಗಾಢ ನೀಲಿಯಾಗಿದ್ದರೆ ಅಚ್ಚಿನಲ್ಲಿ ನೇರಳೆಗೆ ತಿರುಗುವುದುಂಟು. ಮೊದಲು ಒಂದು ಹಾಳೆ ಪ್ರಿಂಟ್ ತೆಗೆಸಿ, ನೀಲಿಯಲ್ಲಿ ಮೆಜೆಂಟಾ ಕಡಿಮೆ ಮಾಡಿಸಿಕೊಳ್ಳಿ.

ಇನ್ನು ಅಕ್ಷರದ ವಿಚಾರ. ಮಕ್ಕಳು ಮೊಬೈಲ್‌ನಲ್ಲಿ ಟೈಪ್ ಮಾಡಿದ್ದು ಯುನಿಕೋಡ್, ಎಂದರೆ ಎಲ್ಲ ಮೊಬೈಲು, ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ. ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಜೋಡಣೆ) ಮಾಡುವವರು ಹಳೆಯ ಪೇಜ್‌ಮೇಕರ್‌ನಲ್ಲಿ ನುಡಿ ಅಥವಾ ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಅಕ್ಷರ ಬಳಸುತ್ತಿದ್ದರೆ ಎಲ್ಲವನ್ನೂ ಪರಿವರ್ತಿಸಲೇಬೇಕು, ತಪ್ಪು ನುಸುಳುವುದು ಆಗಲೇ. 'ರ‍್ಯಾಂಕ್' ಎಂಬುದರ ರಕಾರ ಅರ್ಕಾವತ್ತಾಗಿ ಹಿಂದಕ್ಕೆ ಹೋಗಿ ಕೂರುತ್ತದೆ, 'ಫ಼ಾತಿಮಾ'ದ ಕೆಳಗಿನ ಚುಕ್ಕೆಗಳು ಮಾಯವಾಗುತ್ತವೆ, ನಡುವೆ ಬಂದ ಇಂಗ್ಲಿಷ್ ಪದ, ಉದ್ಧರಣ ಚಿಹ್ನೆಗಳು ಅರ್ಥವಿಲ್ಲದ ಅಕ್ಷರಗಳಾಗುತ್ತವೆ. ಇನ್‌ಡಿಸೈನ್‌ನಲ್ಲಿ ಯುನಿಕೋಡ್ ಕನ್ನಡ ಮಾಡುವವರು ಸಿಕ್ಕರೆ ಅವರಿಗೇ ಕೊಡಿ. ಅಡ್ವಾನ್ಸ್ ಕೊಡುವ ಮೊದಲು ಸ್ತ್ರೀ, ಜ್ಞಾನ, ರ‍್ಯಾಂಕ್, ಹೊಳೆನರಸೀಪುರ, ಅರ್ಜುನ್ ಇಷ್ಟು ಪದಗಳ ಒಂದು ಸಾಲು ಕೊಟ್ಟು ಪ್ರಿಂಟ್ ಕೇಳಿ. ಪ್ರೂಫ್ ಕಾಗದದ ಮೇಲೇ ಬೇಕು, ಮೊಬೈಲ್‌ಗೆ ಬಂದ ಪಿಡಿಎಫ್ ಸಾಲದು. ಪ್ರತಿ ಮಗುವೂ ತನ್ನ ಹೆಸರು, ಇನಿಷಿಯಲ್, ಊರಿನ ಹೆಸರು ನೋಡಿ ಪಕ್ಕದಲ್ಲಿ ಸಹಿ ಹಾಕಲಿ.

ಬರಹ ಯಾವುದು ಕೇಳಬೇಕು ಎನ್ನುವುದೂ ಕೆಲಸದ ಭಾಗವೇ. 'ನನ್ನ ಶಾಲಾ ದಿನಗಳು' ಎಂದು ಕೊಟ್ಟರೆ ಅರವತ್ತೂ ಒಂದೇ ಥರ ಬರುತ್ತವೆ. ಎಂಟನೇ ತರಗತಿಗೆ ಬಂದ ಮೊದಲ ದಿನ ಯಾರ ಪಕ್ಕ ಕುಳಿತೆ, ದುದ್ದದಿಂದಲೋ ಶಾಂತಿಗ್ರಾಮದಿಂದಲೋ ಬರುವ ಬಸ್ಸು ತಪ್ಪಿದರೆ ಏನು ಮಾಡುತ್ತಿದ್ದೆ, ಬಿಸಿಯೂಟದಲ್ಲಿ ಯಾವ ದಿನದ ಅಡುಗೆಗೆ ಕಾಯುತ್ತಿದ್ದೆ, ಯಾವ ಪಾಠ ಯಾರು ಹೇಳಿಕೊಟ್ಟ ಮೇಲೆ ಅರ್ಥವಾಯಿತು, ಇಂಥ ನಾಲ್ಕು ಪ್ರಶ್ನೆ ಕೊಟ್ಟು ಒಂದಕ್ಕೆ 60 ಪದಗಳಲ್ಲಿ ಉತ್ತರ ಕೇಳಿ. ಅರ್ಧ ಪುಟದಲ್ಲಿ ಫೋಟೊದ ಪಕ್ಕ ಅಷ್ಟೇ ಹಿಡಿಸುವುದು. ಎಲ್ಲರಿಗೂ ಸಮನಾದ ಜಾಗವಿರಲಿ; ಹೆಚ್ಚು ಅಂಕ ತೆಗೆಯುವವರಿಗೆ ದೊಡ್ಡ ಪುಟ, ಉಳಿದವರಿಗೆ ಚಿಕ್ಕ ಚೌಕ ಮಾಡಬೇಡಿ. ಅಡುಗೆಯವರ, ಅಟೆಂಡರ್‌ರ ಫೋಟೊವನ್ನೂ ಹೆಸರಿನ ಸಮೇತ ಹಾಕಿ. ಮಕ್ಕಳ ಫೋನ್ ನಂಬರ್ ಮಾತ್ರ ಬೇಡ.

ಆಟೋಗ್ರಾಫ್ ಪುಟಗಳಿಗೆ ಎಲ್ಲಕ್ಕಿಂತ ಹೊರಗಿನ ಹಾಳೆಯನ್ನು ನುಣುಪಿಲ್ಲದ, ಬರೆಯುವ ಕಾಗದವಾದ ಮ್ಯಾಪ್‌ಲಿಥೋದಲ್ಲಿ ಹಾಕಿಸಿ. ನುಣುಪು ಕಾಗದದ ಮೇಲೆ ಜೆಲ್ ಪೆನ್ನಿನ ಶಾಯಿ ಒಣಗುವ ಮೊದಲೇ ಒರೆಸಿಹೋಗುತ್ತದೆ. ಆ ಒಂದು ಹಾಳೆಯಿಂದ ಮೊದಲಲ್ಲಿ ಎರಡು, ಕೊನೆಯಲ್ಲಿ ಎರಡು ಪುಟ ಸಿಗುತ್ತವೆ.

ಸಮಯ ಬಹಳ ಮುಖ್ಯ. ಮಾಘ, ಫಾಲ್ಗುಣ ಬಂತೆಂದರೆ ಪ್ರೆಸ್‌ಗಳಲ್ಲಿ ಲಗ್ನಪತ್ರಿಕೆ, ಜಾತ್ರೆ ಕರಪತ್ರಗಳ ರಾಶಿ. ಶಾಲೆಯ ಕೆಲಸ ಹಿಂದಕ್ಕೆ ಬೀಳುತ್ತದೆ. ಡಿಸೆಂಬರ್ ಒಳಗೆ ಫೋಟೊ, ಬರಹ ಮುಗಿಸಿ ಜನವರಿ ಮೊದಲ ವಾರ ಫೈಲು ಕೊಡಿ. ಬೀಳ್ಕೊಡುಗೆಗೆ ಕೆಲವರು ಬಾರದಿರಬಹುದು, ಹಾಲ್ ಟಿಕೆಟ್ ಕೊಡುವ ದಿನ ಯಾರೂ ತಪ್ಪಿಸಿಕೊಳ್ಳುವುದಿಲ್ಲ. ಉಳಿದ ಪ್ರತಿಗಳನ್ನು ಅಂದು ಹಂಚಿ.

ಬಾಕಿ ಹಣ ಕೊಡುವ ಮೊದಲು ಕಟ್ಟಿನ ಮೇಲಿನದೊಂದನ್ನು ನೋಡಿ ಬಿಡಬೇಡಿ. ಬೇರೆಬೇರೆ ಕಡೆಯಿಂದ ಹತ್ತು ಪ್ರತಿ ಎಳೆದು ಪುಟಸಂಖ್ಯೆ ಓದಿ: ತಲೆಕೆಳಗಾದ ಹಾಳೆ, ಎರಡು ಸಲ ಸೇರಿದ ಹಾಳೆ, ಮಡಿಕೆ ಬಿಟ್ಟು ಪಕ್ಕಕ್ಕೆ ಬಿದ್ದ ಪಿನ್ ಇದ್ದರೆ ಅಲ್ಲೇ ಬದಲಿಸಿಕೊಡುತ್ತಾರೆ. ಅಚ್ಚಿಗೆ ಹೋದ ಕೊನೆಯ ಪಿಡಿಎಫ್ ಅನ್ನು ಪೆನ್‌ಡ್ರೈವ್‌ಗೆ ಹಾಕಿಸಿಕೊಂಡು ಬನ್ನಿ.