ಪುಣೆಯವರೇ, ನೀರಲ್ಲಿ ಕಡ್ಡಿ ಅದ್ದಿ ತೋರಿಸುವವರಿಗೆ ಬಾಗಿಲು ತೆರೆಯಬೇಡಿ

ವಾಘೋಲಿ, ಉಂಡ್ರಿ, ಹಿಂಜವಡಿ ಕಡೆಯ ಹೊಸ ಸೊಸೈಟಿಗಳಲ್ಲಿರುವ ನಮ್ಮವರು ದಯವಿಟ್ಟು ಇದನ್ನು ಓದಿ. ಹಗಲಲ್ಲಿ ಮನೆಯಲ್ಲಿ ಒಬ್ಬರೇ ಇರುವ ಹಿರಿಯರಿಗಂತೂ ಓದಿ ಹೇಳಲೇಬೇಕು.

ವಾಘೋಲಿಯ ನಮ್ಮ ಅಕ್ಕನ ಮನೆಗೆ ಬರುವುದು ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು. ದಖ್ಖನಿನ ಕಪ್ಪು ಬಂಡೆಯ ಸಂದಿನಲ್ಲಿ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಹೊತ್ತೇ ಮೇಲೆ ಬರುತ್ತದೆ. ನಲ್ಲಿಯ ಬಾಯಿಗೆ ಬಿಳಿ ಹಕ್ಕಳೆ, ಬಕೆಟ್ಟಿಗೆ ಸುಣ್ಣದ ಗೆರೆ, ಎಷ್ಟು ಸೀಟಿ ಹೊಡೆಸಿದರೂ ತೊಗರಿಬೇಳೆ ಕಾಳುಕಾಳು. ಇದನ್ನೆಲ್ಲ ಮೊದಲೇ ತಿಳಿದವನಂತೆ ಒಬ್ಬ ಮಧ್ಯಾಹ್ನ ಬಂದ. ಕೊರಳಲ್ಲಿ ಕಾರ್ಡು, 'ನೀರಿನ ತಪಾಸಣೆ' ಎಂಬ ಮಾತು. ಮನೆಯಲ್ಲಿ ಅಕ್ಕನ ಅತ್ತೆ ಒಬ್ಬರೇ.

ಎರಡು ಗ್ಲಾಸು ಇಟ್ಟ. ಒಂದರಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ತಾನೇ ತಂದ ಆರ್‌ಓ ನೀರು, ಅಂದರೆ ಸೂಕ್ಷ್ಮ ಪೊರೆಯಲ್ಲಿ ಸೋಸಿ ಖನಿಜ ತೆಗೆದ ನೀರು. ಲೋಹದ ಕಡ್ಡಿಗಳಿದ್ದ ಉಪಕರಣ ಅದ್ದಿ ಸ್ವಿಚ್ ಹಾಕಿದ. ನೋಡುನೋಡುತ್ತ ನಲ್ಲಿ ನೀರು ಹಸಿರಾಯಿತು, ಆಮೇಲೆ ತುಕ್ಕಿನ ಬಣ್ಣಕ್ಕೆ ತಿರುಗಿ ಮೇಲೆ ಕೊಳಕು ನೊರೆ ಕಟ್ಟಿತು. ಅವನ ಗ್ಲಾಸು ಹಾಗೇ ತಿಳಿಯಾಗಿತ್ತು. 'ಆಜೀ, ಇದನ್ನೇ ಮೊಮ್ಮಕ್ಕಳಿಗೆ ಕುಡಿಸ್ತೀರಾ?' ಎಂದು ಮರಾಠಿಯಲ್ಲಿ ಕೇಳಿದ. 'ಯವ್ವಾ, ಇಂಥಾ ನೀರ ಕುಡೀತಿದ್ದೆವೇನೋ' ಅಂತ ಗಾಬರಿಯಾದ ಅವರು ಕಪಾಟಿನಲ್ಲಿದ್ದ ಒಂಬತ್ತು ಸಾವಿರ ತೆಗೆದುಕೊಟ್ಟರು. ಮರುದಿನ ಹೆಸರಿಲ್ಲದ ಆರ್‌ಓ ಯಂತ್ರವೊಂದು ಗೋಡೆಗೆ ಏರಿತು. ಬಿಲ್ಲಿಲ್ಲ, ವಾರಂಟಿ ಕಾರ್ಡಿಲ್ಲ.

ಆ ಕಂದು ಬಣ್ಣ ನೀರಿನದಲ್ಲ, ಕಡ್ಡಿಯದು. ಖನಿಜವಿರುವ ನೀರಲ್ಲಿ ಕರೆಂಟು ಹರಿಯುತ್ತದೆ, ಕಬ್ಬಿಣದ ಕಡ್ಡಿ ಕರಗಿ ತುಕ್ಕಾಗುತ್ತದೆ. ಆರ್‌ಓ ನೀರಲ್ಲಿ ಖನಿಜ ಇಲ್ಲವೆನ್ನುವಷ್ಟು ಕಡಿಮೆ, ಕರೆಂಟು ಹರಿಯುವುದಿಲ್ಲ, ಅಷ್ಟೇ. ಅದೇ ಆರ್‌ಓ ನೀರಿಗೆ ಚಿಟಿಕೆ ಅಡುಗೆ ಉಪ್ಪು ಹಾಕಿದರೆ ಅದೂ ರಾಡಿಯಾಗುತ್ತದೆ. ಕೆಳಗಿನ ಮನೆಗೆ ಇಂಥದ್ದೇ ಇನ್ನೊಬ್ಬ ಬಂದಾಗ ಅಕ್ಕ ಉಪ್ಪಿನ ಡಬ್ಬಿ ಹಿಡಿದೇ ಹೋದಳು. 'ಇದರಾಗ ಒಂದ್ ಚಿಟಿಕೆ ಹಾಕ್ತೀನಿ, ಈಗ ತೋರಸ್ರಿ' ಅಂದದ್ದೇ ತಡ, ಅವನು ಬ್ಯಾಗು ಕಟ್ಟಿದ.

ನನಗೆ ಹೆಚ್ಚು ಸಂಕಟವಾದದ್ದು ಬೇರೆ ಕಾರಣಕ್ಕೆ. ಆ ಮನೆಯ ನಿಜವಾದ ತೊಂದರೆ ಸ್ನಾನದ ನೀರಿನದು. ಅಡುಗೆಮನೆಯ ಆರ್‌ಓ ಅದನ್ನು ಮುಟ್ಟುವುದೇ ಇಲ್ಲ. ಯಂತ್ರ ಬಂದ ಮೇಲೂ ಗೀಜರಿನ ಕಾಯಿಲ್ ಸುಣ್ಣ ಕಟ್ಟಿ ಸುಟ್ಟುಹೋಯಿತು. ಮೇಲಾಗಿ ಒಂದು ಲೀಟರ್ ಶುದ್ಧ ನೀರಿಗೆ ಎರಡು-ಮೂರು ಲೀಟರ್ ಚರಂಡಿಗೆ, ಅದೂ ದುಡ್ಡು ಕೊಟ್ಟು ತರಿಸುವ ಟ್ಯಾಂಕರ್ ನೀರು!

ಖರೀದಿಗೆ ಮೊದಲು ಲ್ಯಾಬಿನಲ್ಲಿ ನೀರಿನ ಗಡಸುತನ, ಅಂದರೆ ಅದರಲ್ಲಿ ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಷ್ಟೆಂದು ಅಳೆಸಿ. ಟಿಡಿಎಸ್ ಮೀಟರ್ ಕರಗಿದ ಎಲ್ಲ ಲವಣಗಳ ಒಟ್ಟು ಅಂದಾಜು ಕೊಡುತ್ತದೆ, ಗಡಸುತನವನ್ನೇ ಬೇರ್ಪಡಿಸಿ ಹೇಳುವುದಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕದ (ಐಎಸ್ 10500) ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂವರೆಗೆ ಇರಬಹುದು, ಬೇರೆ ಮೂಲವಿಲ್ಲದಿದ್ದರೆ 600ರವರೆಗೂ ನಡೆಯುತ್ತದೆ. ಇಡೀ ಮನೆಯ ನೀರು ಮೆದುವಾಗಬೇಕಾದರೆ ರೆಸಿನ್ (ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದಿಡುವ ಸಣ್ಣ ಮಣಿಗಳು) ತುಂಬಿದ ಸಾಫ್ಟನರ್ ಬೇಕು. ಅದಕ್ಕೆ ಆಗಾಗ ಉಪ್ಪು ಹಾಕುತ್ತಿರಬೇಕು, ಸೊಸೈಟಿಯವರು ಸೇರಿ ಹಾಕಿಸಿದರೆ ಖರ್ಚು ಹಂಚಿಹೋಗುತ್ತದೆ. ಪಟಿಕ ಹಾಕಿದರೆ ರಾಡಿ ತಳಕ್ಕೆ ಕೂರುತ್ತದೆಯೇ ಹೊರತು ಗಡಸುತನ ಇಳಿಯುವುದಿಲ್ಲ. ಸದ್ಯಕ್ಕೆ ಗೀಜರ್ ಉಷ್ಣತೆಯನ್ನು 50 ಡಿಗ್ರಿ ಆಸುಪಾಸಿಗೆ ಇಳಿಸಿ, ಬಿಸಿ ಹೆಚ್ಚಿದಷ್ಟೂ ಸುಣ್ಣ ಹೆಚ್ಚು. ನಲ್ಲಿ, ಶವರಿನ ಹಕ್ಕಳೆಗೆ ವಿನೆಗರ್ ಸಾಕು.

ಅಕ್ಕನ ಮನೆಗೆ ಯಂತ್ರ ಮಾರಿದವನ ಫೋನು ಇವತ್ತಿಗೂ ಸ್ವಿಚ್ ಆಫ್. ನಿಮ್ಮ ಮನೆಯಲ್ಲೂ ಯಾರಾದರೂ ಹೀಗೆ ದುಡ್ಡು ಕೊಟ್ಟಿದ್ದರೆ ಅವರನ್ನು ಬೈಯಬೇಡಿ. ಯಂತ್ರದ ಫೋಟೊ, ಆ ಮನುಷ್ಯನ ನಂಬರು ಜೋಪಾನವಾಗಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಗೇಟಿನ ವಾಚ್‌ಮನ್‌ಗೂ ವಿಷಯ ತಿಳಿಸಿ.