ಕರೆಂಟ್ ಹೋದಾಗಲೂ ಸೋಲಾರ್ ಬೇಕೆಂದರೆ: ವಿಕ್ಟ್ರಾನ್ ಮಲ್ಟಿಪ್ಲಸ್-2, ಕರಾವಳಿಯ ಮನೆಗೆ

ಗಾಳಿಮಳೆಗೆ ಮರದ ಗೆಲ್ಲು ತಂತಿಯ ಮೇಲೆ ಬಿದ್ದು ಕರೆಂಟ್ ಹೋಗುವುದು ಉಡುಪಿ, ಮಂಗಳೂರಿನವರಿಗೆ ಹೊಸದಲ್ಲ. ಆಮೇಲೆ ಬಿಸಿಲು ಬಂದರೂ ಮಾಡಿನ ಮೇಲಿನ ಸೋಲಾರ್ ಸುಮ್ಮನೆ ಕೂತಿರುತ್ತದೆ. ಅದು ಹಾಳಾದದ್ದಲ್ಲ. ಕಂಬ ಹತ್ತಿದ ಮೆಸ್ಕಾಂ ಲೈನ್‌ಮ್ಯಾನ್‌ಗೆ ಶಾಕ್ ಹೊಡೆಯಬಾರದೆಂದು ಗ್ರಿಡ್ ಇನ್ವರ್ಟರ್ (ಲೈನಿಗೆ ಜೋಡಿಸಿದ ಸೋಲಾರ್ ಇನ್ವರ್ಟರ್) ತಾನಾಗಿ ನಿಲ್ಲಲೇಬೇಕು. ವಿಕ್ಟ್ರಾನ್ ಕಂಪನಿಯ ಮಲ್ಟಿಪ್ಲಸ್-2 ಬ್ಯಾಟರಿಗೆ ಜೋಡಿಸುವ ಇನ್ವರ್ಟರ್-ಚಾರ್ಜರ್. ಅದು ಲೈನ್ ಕಡೆಯ ಸಂಪರ್ಕ ಕಡಿದುಕೊಂಡು ಮನೆಯೊಳಗೇ 50 ಹರ್ಟ್ಸ್ ಕರೆಂಟ್ ಕಟ್ಟಿಕೊಡುತ್ತದೆ. ಅದನ್ನು ನೋಡಿ ಸೋಲಾರ್ ಇನ್ವರ್ಟರ್ ಮತ್ತೆ ಕೆಲಸಕ್ಕಿಳಿಯುತ್ತದೆ. ಯಂತ್ರ ಗಟ್ಟಿ. ಸೋಲುವುದು ಬ್ಯಾಟರಿಯಲ್ಲಿ ಹಣ ಉಳಿಸಲು ಹೋದಾಗ.

48/5000 ಮಾದರಿಯ 5000 ಎಂಬುದು ವಿಎ (ವೋಲ್ಟ್-ಆಂಪಿಯರ್) ಲೆಕ್ಕ, ವ್ಯಾಟ್ ಅಲ್ಲ. ನಿರಂತರವಾಗಿ ಸಿಗುವುದು 25 ಡಿಗ್ರಿಯಲ್ಲಿ 4000 ವ್ಯಾಟ್, 40 ಡಿಗ್ರಿಯಲ್ಲಿ 3700. ಕ್ಷಣಕಾಲಕ್ಕೆ 9000 ವ್ಯಾಟ್ ಕೊಡುವುದರಿಂದ 1 ಎಚ್‌ಪಿ ಬಾವಿ ಪಂಪಿನ ಸ್ಟಾರ್ಟಿಂಗ್ ತಡೆದುಕೊಳ್ಳುತ್ತದೆ. ತೋಟದ ಪಂಪು ಅದಕ್ಕಿಂತ ದೊಡ್ಡದಾದರೆ ಮೋಟಾರನ್ನು ನಿಧಾನಕ್ಕೆ ಎಬ್ಬಿಸುವ ಸಾಫ್ಟ್ ಸ್ಟಾರ್ಟರ್ ಹಾಕಿಸುವುದೇ ಸರಿ.

ನಿಜವಾದ ಪರೀಕ್ಷೆ ಮಧ್ಯಾಹ್ನ. ಲೈನ್ ಇಲ್ಲ, ಬ್ಯಾಟರಿ ತುಂಬಿದೆ, ಸೋಲಾರ್ 2.5 ಕಿಲೋವ್ಯಾಟ್ ಕೊಡುತ್ತಿದೆ, ಅಷ್ಟರಲ್ಲಿ ಟ್ಯಾಂಕ್ ತುಂಬಿ ಪಂಪು ನಿಂತಿತು. ಉಳಿದ ಕರೆಂಟಿಗೆ ಹೋಗಲು ಬ್ಯಾಟರಿ ಬಿಟ್ಟರೆ ಜಾಗವಿಲ್ಲ. ಆಗ ಮಲ್ಟಿಪ್ಲಸ್ ಫ್ರೀಕ್ವೆನ್ಸಿ ಏರಿಸುತ್ತದೆ. 50.2 ಹರ್ಟ್ಸ್ ದಾಟಿದಂತೆ ಸೋಲಾರ್ ಇನ್ವರ್ಟರ್ ತಾನು ಕೊಡುವ ಕರೆಂಟ್ ಇಳಿಸುತ್ತಾ ಬಂದು 52.7ಕ್ಕೆ ತೀರಾ ಕಡಿಮೆ ಮಾಡುತ್ತದೆ, 53ಕ್ಕೆ ಪೂರ್ತಿ ಕಳಚಿಕೊಳ್ಳುತ್ತದೆ. ನಡುವೆ ಸಂದೇಶದ ವೈರೇ ಬೇಕಿಲ್ಲ. ಆದರೆ ಸೋಲಾರ್ ಇನ್ವರ್ಟರ್ ಮಾಮೂಲಿ ಗ್ರಿಡ್ ಸೆಟ್ಟಿಂಗಿನಲ್ಲೇ ಉಳಿದಿದ್ದರೆ ಇಳಿಸುವ ಬದಲು ಟ್ರಿಪ್ ಆಗುತ್ತದೆ, ಕಾದು ಮತ್ತೆ ಬರುತ್ತದೆ, ಮತ್ತೆ ಟ್ರಿಪ್. ಸೋಲಾರ್ ಇನ್ವರ್ಟರ್ ಫ್ರೋನಿಯಸ್ ಕಂಪನಿಯದಾದರೆ ಎಂಜಿ50 ಎಂಬ ಮೈಕ್ರೋಗ್ರಿಡ್ (ಲೈನಿಲ್ಲದೆ ನಡೆಯುವ ಸಣ್ಣ ಜಾಲ) ಸೆಟಪ್ ಹಾಕಿಸಿ. ಬೇರೆಯದಾದರೆ ಮೈಕ್ರೋಗ್ರಿಡ್ ಸೆಟ್ಟಿಂಗ್ ಇದೆಯೇ ಎಂದು ಕೊಳ್ಳುವ ಮೊದಲೇ ಕೇಳಿ.

ಫ್ರೀಕ್ವೆನ್ಸಿ ಏರಿ ಸೋಲಾರ್ ಇಳಿಯುವಷ್ಟರಲ್ಲಿ ಆ ಹೆಚ್ಚುವರಿಯನ್ನು ಬ್ಯಾಟರಿ ನುಂಗಬೇಕು. ಸಣ್ಣದಾದರೆ ವೋಲ್ಟೇಜ್ ಜಿಗಿದು ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ಕಡಿದುಬಿಡುತ್ತದೆ, ಇಡೀ ಮನೆ ಕತ್ತಲೆ. ಲಿಥಿಯಂನಲ್ಲಿ 1.5 ಕಿಲೋವ್ಯಾಟ್ ಸೋಲಾರಿಗೆ ಸುಮಾರು 5 ಯೂನಿಟ್ (ಕಿಲೋವ್ಯಾಟ್ ಅವರ್) ಕರೆಂಟ್ ಹಿಡಿಸುವ ಬ್ಯಾಟರಿ ಬೇಕು, ಅಂದರೆ 3 ಕಿಲೋವ್ಯಾಟಿಗೆ 51.2 ವೋಲ್ಟ್, 100 ಎಎಚ್‌ನ ಎರಡು. ಒಂದರಲ್ಲಿ ಮುಗಿಸೋಣ ಎನ್ನುವವರ ಮಾತು ಕೇಳಬೇಡಿ. ಸೋಲಾರ್ ಇನ್ವರ್ಟರ್ ಕೂಡ ಮಲ್ಟಿಪ್ಲಸ್‌ನ ವಿಎಗಿಂತ ದೊಡ್ಡದಿರಬಾರದು. ಆಟಿ ತಿಂಗಳ ಮೋಡದಲ್ಲಿ ಮಲ್ಟಿಪ್ಲಸ್ ಒಳಗಿನ 70 ಆಂಪಿಯರ್ ಚಾರ್ಜರ್ ಲೈನಿನಿಂದಲೇ ಎರಡನ್ನೂ ಸುಮಾರು ಮೂರು ಗಂಟೆಯಲ್ಲಿ ತುಂಬಿಸುತ್ತದೆ.

ಮಲ್ಟಿಪ್ಲಸ್‌ಗೆ ನೀರು, ಧೂಳಿನಿಂದ ಇರುವ ರಕ್ಷಣೆ ಐಪಿ22 ಮಾತ್ರ, ಅಂದರೆ ಕಡಿಮೆ. ಮಲ್ಪೆ, ಉಳ್ಳಾಲದ ಉಪ್ಪುಗಾಳಿಗೆ ಸಿಟೌಟಿನಲ್ಲಿ ತೂಗುಹಾಕಬೇಡಿ. ಒಳಗಿನ ಒಣ ಗೋಡೆಯೇ ಬೇಕು, ತೂಕ 30 ಕಿಲೋ. ಬ್ಯಾಟರಿಗೆ 70 ಚದರ ಮಿಲಿಮೀಟರ್ ಕೇಬಲ್, 200 ಆಂಪಿಯರ್ ಫ್ಯೂಸ್. ಮುರಕಲ್ಲು ನೆಲ ಬೇಸಿಗೆಯಲ್ಲಿ ಒಣಗಿ ಅರ್ತಿಂಗ್ ದುರ್ಬಲವಾಗುತ್ತದೆ, ಏಪ್ರಿಲ್, ಮೇ ಸಿಡಿಲು ಬರುವುದೂ ಆಗಲೇ. ಅಳತೆ ಆಗ ಮಾಡಿಸಿ, ಡಿಸಿ ಮತ್ತು ಎಸಿ ಎರಡೂ ಕಡೆ ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಲೈನ್ ಇಲ್ಲದಾಗ ನ್ಯೂಟ್ರಲನ್ನು ಅರ್ತ್‌ಗೆ ಜೋಡಿಸುವ ಒಳಗಿನ ಗ್ರೌಂಡ್ ರಿಲೇ ಆಫ್ ಮಾಡಿದ್ದರೆ ಕರೆಂಟ್ ಹೋದಾಗ ನ್ಯೂಟ್ರಲ್ ತೇಲುತ್ತದೆ, ಶಾಕ್ ಹೊಡೆದಾಗ ಕರೆಂಟ್ ಕಡಿಯುವ ಆರ್‌ಸಿಸಿಬಿ ಕೆಲಸ ಮಾಡುವುದಿಲ್ಲ. ಲೈನ್ ಆಫ್ ಮಾಡಿ ಆರ್‌ಸಿಸಿಬಿಯನ್ನು ಅದಕ್ಕೆಂದೇ ಇರುವ ಟೆಸ್ಟರ್ (ಸ್ಕ್ರೂಡ್ರೈವರ್ ಟೆಸ್ಟರ್ ಅಲ್ಲ) ಇಟ್ಟು ಟ್ರಿಪ್ ಮಾಡಿ ತೋರಿಸಿದ ಮೇಲೆಯೇ ಬಾಕಿ ಹಣ ಕೊಡಿ.

ಬರೀ ಲೈಟು, ಫ್ಯಾನಿಗಾದರೆ ಇಷ್ಟೆಲ್ಲ ಬೇಡ, ಸಾದಾ ಇನ್ವರ್ಟರ್ ಸಾಕು.